ರೋಗದ ಮಡಿ

ಬೂಷ್ಟು ಕಂಡರೆ ನನಗಾಗದು. ಚಿಕ್ಕಂದಿನಿಂದಲೂ ಹಾಗೇ. ಅಟ್ಟದಿಂದ ಇಳಿಸಿದ ಕೊಬ್ಬರಿ ಒಡೆದಾಗ ಒಳಗೆ ಹಸಿರು ಬೂದಿ ಮೆತ್ತಿದ ಹಾಗೆ ಬೂಷ್ಟು ಕಾಣಿಸಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ಮನೆಯವರು ಅದನ್ನು ಬಟ್ಟೆಯಲ್ಲಿ ಒರೆಸಿ, ಒಂದು ಹೊತ್ತು ಬಿಸಿಲಿಗಿಟ್ಟು, ಏನೂ ಆಗಿಲ್ಲ ಅಂತ ಚಟ್ನಿಗೆ ಹಾಕುತ್ತಿದ್ದರು. ಆ ಚಟ್ನಿಯನ್ನು ನಾನು ತಟ್ಟೆಯ ಅಂಚಿಗೆ ಸರಿಸಿಬಿಡುತ್ತಿದ್ದೆ. ಇಂಥವನಿಗೆ ದೇವರು ಕೊಟ್ಟ ಉದ್ಯೋಗ ನೋಡಿ, ಬೂಷ್ಟು ಸಾಕುವುದು. ಬೀಜದ ಕಂಪನಿಯೊಂದರಲ್ಲಿ ಟೊಮೇಟೊ ತಳಿ ಕಟ್ಟುವ ಕೆಲಸ ನನ್ನದು. ಗಾಜಿನ ತಟ್ಟೆಗಳಲ್ಲಿ ಗಂಜಿ ಹಾಕಿ, ಸೊರಗು ರೋಗ ತರುವ ಶಿಲೀಂಧ್ರವನ್ನು ಬೆಳೆಸಿ, ಅದು ಬಿಳಿ ಹತ್ತಿಯ ಹಾಗೆ ಉಬ್ಬಿ ನಡುವೆ ನೇರಳೆ ಬಣ್ಣಕ್ಕೆ ತಿರುಗುವುದನ್ನು ದಿನವೂ ನೋಡಬೇಕು. ಇಷ್ಟು ವರ್ಷವಾದರೂ ಮುಚ್ಚಳ ತೆಗೆಯುವಾಗ ಉಸಿರು ಬಿಗಿಹಿಡಿಯುತ್ತೇನೆ.

ಸೊರಗು ರೋಗವನ್ನು ನಮ್ಮ ಕಡೆ ಟೊಮೇಟೊ ಹಾಕಿದವರೆಲ್ಲ ಕಂಡಿದ್ದಾರೆ. ಕಾಯಿ ಕಚ್ಚುವ ಹೊತ್ತಿಗೆ ಬುಡದ ಎಲೆ ಹಳದಿಯಾಗುತ್ತದೆ, ಅದೂ ಒಂದೇ ಮಗ್ಗುಲಿಗೆ. ಮಧ್ಯಾಹ್ನ ಜೋತುಬಿದ್ದ ಗಿಡ ಸಾಯಂಕಾಲ ಎದ್ದು ನಿಂತು ಆಸೆ ಹುಟ್ಟಿಸುತ್ತದೆ. ಆಮೇಲೊಂದು ದಿನ ಏಳುವುದಿಲ್ಲ. ನೀರು ಸಾಲದೇನೋ ಅಂತ ಜನ ಇನ್ನಷ್ಟು ನೀರು ಬಿಡುತ್ತಾರೆ. ಕಾಂಡ ಸೀಳಿ ನೋಡಿದರೆ ನೀರು ಏರುವ ದಾರಿಯುದ್ದಕ್ಕೂ ಕಂದು ಗೆರೆ ಇರುತ್ತದೆ. ಮಣ್ಣಿನಿಂದ ಬೇರಿಗೆ ಹೊಕ್ಕ ಶಿಲೀಂಧ್ರ ಗಿಡದ ಗಂಟಲಲ್ಲೇ ಸಂಸಾರ ಹೂಡಿರುತ್ತದೆ. ಗಿಡ ಸತ್ತರೂ ಅದು ಸಾಯುವುದಿಲ್ಲ. ಮಣ್ಣಿನಲ್ಲಿ ಮುದುರಿಕೊಂಡು ಮುಂದಿನ ಟೊಮೇಟೊ ಬೇರಿಗಾಗಿ ವರ್ಷಗಟ್ಟಲೆ ಕಾಯುತ್ತದೆ.

ಕಾಡು ಟೊಮೇಟೊ ಜಾತಿಯೊಂದರಲ್ಲಿ ಇದನ್ನು ತಡೆಯುವ ವಂಶವಾಹಿ ಇದೆ. ಒಳಗೆ ಬಂದವನ ಗುರುತು ಹಿಡಿದು ಅಲ್ಲೇ ಬಾಗಿಲು ಹಾಕಿಬಿಡುವ ಗುಣ ಅದು. ಆ ಗುಣವನ್ನು ನಮ್ಮ ಜನ ಸಾರಿಗೆ ಬಯಸುವ ಹುಳಿ ಟೊಮೇಟೊಗೆ ತರಬೇಕೆಂದು ನಾನು ಎರಡನ್ನೂ ಸೇರಿಸಿ ತಳಿ ಕಟ್ಟಿದ್ದೆ. ಅವುಗಳ ಮೊಮ್ಮಕ್ಕಳನ್ನು ರೋಗದ ಮಣ್ಣಿನಲ್ಲಿ ನೆಟ್ಟರೆ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಬದುಕಬೇಕು, ಒಂದು ಸಾಯಬೇಕು. ಹಿಂದಿನ ಬೆಳೆಯಲ್ಲಿ ಅದಕ್ಕಿಂತ ಬಹಳ ಹೆಚ್ಚು ಸತ್ತವು. ಬೂಷ್ಟು ತನ್ನ ಮುಖ ಬದಲಿಸಿಕೊಂಡಿದೆ, ಗಿಡಕ್ಕೆ ಈಗ ಗುರುತು ಸಿಗುತ್ತಿಲ್ಲ ಎಂದು ನನ್ನ ಗುಮಾನಿ. ಅದು ನಿಜವಾದರೆ ಆ ಬೀಜವನ್ನು ರೈತರಿಗೆ ಮಾರುವುದು ಮೋಸ. ನಿಜವೋ ಸುಳ್ಳೋ ತಿಳಿಯಲು ಈ ಸಲ ನನಗೆ ಬದುಕಿದ ಗಿಡಕ್ಕಿಂತ ಸತ್ತ ಗಿಡಗಳೇ ಬೇಕಾಗಿದ್ದವು. ಒಂದೊಂದನ್ನೂ ಸೀಳಿ, ಒಳಗಿದ್ದವನನ್ನು ಎಳೆದು ತಂದು ವಿಚಾರಿಸಬೇಕಿತ್ತು.

ಇದಕ್ಕೆಲ್ಲ ಜಾಗ ಕೊಟ್ಟವನು ನಮ್ಮಣ್ಣ. ದಬ್ಬೇಘಟ್ಟದ ಹತ್ತಿರ ಅವನ ತೆಂಗಿನ ತೋಟ. ಅದರ ಮೂಲೆಯಲ್ಲಿ ಸಿಡಿಲು ಬಡಿದು ಮರಗಳು ಹೋಗಿ ಬಿಸಿಲು ಬೀಳುವ ಒಂದಿಷ್ಟು ಜಾಗವಿತ್ತು. ಅಲ್ಲಿ ಮಡಿ ಮಾಡಿ, ಸುತ್ತ ಎತ್ತರದ ಬದು ಹಾಕಿ, ಒಳಗಿನ ನೀರು ಒಂದು ಹನಿಯೂ ಹೊರಗೆ ಹೋಗದ ಹಾಗೆ ಮಾಡಿ, ಮಣ್ಣಿಗೆ ರೋಗ ಬೆರೆಸಿದ್ದೆ. ಆ ಮಡಿಗೇ ಒಂದು ಗುದ್ದಲಿ, ಆ ಮಡಿಗೇ ಒಂದು ಜೊತೆ ಚಪ್ಪಲಿ. ಊರವರಿಗೆ ನಗು. ಎಲ್ರೂ ಬೆಳೆ ಬೆಳೆದ್ರೆ ಇವನು ರೋಗ ಬೆಳೀತಾನೆ ಕಣ್ಲಾ ಅಂತ ಆಡಿಕೊಳ್ಳುತ್ತಿದ್ದರು. ಅತ್ತಿಗೆ ಅದಕ್ಕೆ ಸಾಯೋ ಮಡಿ ಎಂದು ಹೆಸರಿಟ್ಟಿದ್ದಳು. ಹಸಿರು ತೋಟದ ನಡುವೆ ಒಣಗಿ ನೇತಾಡುವ ಗಿಡಗಳು, ಅವುಗಳ ಕೊರಳಿಗೆ ನಾನು ಕಟ್ಟಿದ ಬಣ್ಣಬಣ್ಣದ ಪ್ಲಾಸ್ಟಿಕ್ ಪಟ್ಟಿಗಳು. ಅವಳಿಗೆ ಅತ್ತ ನೋಡಲೂ ಹೇಸಿಗೆ.

ಅತ್ತಿಗೆ ನನ್ನನ್ನು ಸಾಕಿದವಳು. ಅವ್ವ ಹೋದ ಮೇಲೆ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದ ಕೈ ಅವಳದು. ಕಾಲೇಜಿಗೆ ಹೋಗುವ ಕಾಲಕ್ಕೆ ನನ್ನ ಬೆರಳ ತುದಿಗಳಲ್ಲಿ, ಆಮೇಲೆ ತುಟಿಯ ಪಕ್ಕ, ಕತ್ತಿನ ಮೇಲೆ ಬಿಳಿ ಮಚ್ಚೆ ಬಂದವು. ತೊನ್ನು ಎನ್ನುತ್ತಾರೆ ನಮ್ಮೂರಲ್ಲಿ, ಅದೂ ದನಿ ತಗ್ಗಿಸಿ. ಇದು ಮುಟ್ಟಿದರೆ ಅಂಟುವುದಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಾನು ಎಷ್ಟು ಜನಕ್ಕೆ ಹೇಳಿದೆನೋ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಮೆಲ್ಲಗೆ ಸರಿದು ಕೂರುವುದು, ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡದೆ ಗಲ್ಲಾದ ಮೇಲೆ ಇಡುವುದು ನಿಲ್ಲಲಿಲ್ಲ. ವಂಶದಲ್ಲಿ ಇಂಥದ್ದರ ಒಲವು ಒಂದಿಷ್ಟು ಹರಿದು ಬರಬಹುದಂತೆ. ಆದರೆ ನನ್ನ ಟೊಮೇಟೊ ಹಾಗೆ ಒಂದು ವಂಶವಾಹಿ, ಒಂದು ಲೆಕ್ಕ ಎಂದು ಹೇಳುವಂಥದ್ದಲ್ಲ. ನಮ್ಮ ಮನೆಯಲ್ಲಿ ಇನ್ನಾರಿಗೂ ಇಲ್ಲ. ಅತ್ತಿಗೆ ಮಾತ್ರ ಎಂದೂ ಹಿಂಜರಿದವಳಲ್ಲ. ನಾನು ಕಲಸಿಟ್ಟ ಅನ್ನದಿಂದಲೇ ತುತ್ತು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಊರೆಲ್ಲ ಒಂದು ಕಡೆಯಾದರೆ ಅವಳೊಬ್ಬಳು ಇನ್ನೊಂದು ಕಡೆ ಅಂತ ನಾನು ನೆಮ್ಮದಿಯಾಗಿದ್ದೆ.

ಅಣ್ಣನ ಮಗನಿಗೆ ಹೆಣ್ಣು ಸಿಕ್ಕುತ್ತಿರಲಿಲ್ಲ. ಒಳ್ಳೆಯ ಹುಡುಗ, ದುಡಿಯುವವನು, ಬೀಡಿ ಕುಡಿತ ಏನೂ ಇಲ್ಲ. ಆದರೆ ತೋಟ ಮಾಡಿಕೊಂಡಿದ್ದಾನೆ ಎಂದ ಕೂಡಲೇ ಹೆಣ್ಣಿನ ಕಡೆಯವರು ಮಾತು ಬೇರೆಡೆ ತಿರುಗಿಸುತ್ತಿದ್ದರು. ಅವರ ಜಮೀನೂ ತೆಂಗೇ, ಅವರ ಊಟವೂ ರಾಗಿಯೇ. ಮಗಳಿಗೆ ಮಾತ್ರ ಸಗಣಿ ವಾಸನೆ ಇಲ್ಲದ ಗಂಡು ಬೇಕು. ಹೋದ ವರ್ಷ ಒಂದು ಮನೆಯವರು ಬಂದು, ಉಪ್ಪಿಟ್ಟು ತಿಂದು, ಕೊಟ್ಟಿಗೆಯ ಕಡೆ ಮೂಗು ಮುಚ್ಚಿಕೊಂಡು ನೋಡಿ ಹೋಗಿದ್ದರು. ಹುಡುಗನ ವಯಸ್ಸು ಮೂವತ್ತು ದಾಟಿತ್ತು. ಊರ ಮದುವೆಗಳಿಗೆ ಹೋಗುವುದನ್ನೇ ಅವನು ಬಿಟ್ಟುಬಿಟ್ಟಿದ್ದ. ಅತ್ತಿಗೆ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದಳು.

ಆಗ ಹಂದನಕೆರೆ ಕಡೆಯ ಒಬ್ಬರು ಒಪ್ಪಿ ಗಂಡಿನ ಮನೆ ನೋಡಲು ಬರುತ್ತೇವೆಂದರು. ನಮ್ಮ ಕಡೆ ಗಂಡಿನ ಮನೆ ನೋಡುವುದೆಂದರೆ ಹುಡುಗನ ಮುಖ ನೋಡುವುದು ಕೊನೆಗೆ. ಮೊದಲು ಅಟ್ಟ ಹತ್ತಿ ಕಾಯಿ ಎಷ್ಟಿದೆ ನೋಡುತ್ತಾರೆ, ಒಂದೆರಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಒಣಗಿದ ಕೊಬ್ಬರಿ ಗಡಗಡ ಅನ್ನುತ್ತದೋ ಇಲ್ಲವೋ ಕೇಳುತ್ತಾರೆ. ಬೋರಿನ ಮೋಟರು ಹಾಕಿಸಿ ನೀರು ಎಷ್ಟು ದಪ್ಪ ಬೀಳುತ್ತದೆಂದು ನೋಡುತ್ತಾರೆ. ಹಸುಗಳ ಕೆಚ್ಚಲು ನೋಡುತ್ತಾರೆ. ಆಮೇಲೆ ತೋಟ ಸುತ್ತುತ್ತಾರೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರಿಗೂ ಇದಕ್ಕಿಂತ ನಾಚಿಕೆ ಇರುತ್ತದೆ. ಗಂಡಿನ ಮನೆಯವರಿಗೂ ಗೊತ್ತು. ಬರುವವರ ಕಣ್ಣಿಗೆ ಒಣಗಿದ್ದು ಬೀಳಬಾರದೆಂದು ಜೋತ ಗರಿ ಕೀಳಿಸಿ, ಪಾತಿ ಕೆತ್ತಿಸಿ, ಹಿತ್ತಿಲಿನ ಒಣ ಗಿಡವನ್ನೆಲ್ಲ ಮರೆಮಾಡುತ್ತಾರೆ.

ಅವರು ಬರುವ ದಿನ ನನಗೆ ಗೊತ್ತಿರಲಿಲ್ಲ. ನಾನು ತಿಪಟೂರಿನ ಬಾಡಿಗೆ ಮನೆಯಲ್ಲಿರುವವನು. ಆ ವಾರ ಕಂಪನಿಯ ಪ್ರಯೋಗಾಲಯಕ್ಕೆಂದು ಬೆಂಗಳೂರಿಗೆ ಹೋಗಿದ್ದೆ. ಅತ್ತಿಗೆ ಫೋನು ಮಾಡಿ, ಭಾನುವಾರ ಕಳೆದ ಮೇಲೆ ಬಾರಪ್ಪ, ಮನೆ ತುಂಬ ಸುಣ್ಣ ಬಣ್ಣದ ಕೆಲಸ, ನಿನಗೆ ಮಲಗಲೂ ಜಾಗವಿಲ್ಲ ಎಂದಿದ್ದಳು. ಆದರೆ ಮಡಿಯಲ್ಲಿ ಗಿಡಗಳು ಸಾಯುತ್ತಿದ್ದ ಹೊತ್ತು ಅದು. ಸತ್ತು ಪೂರಾ ಒಣಗಿದರೆ ಅವುಗಳಿಂದ ನನಗೆ ಬೇಕಾದ ಶಿಲೀಂಧ್ರ ತೆಗೆಯುವುದು ಕಷ್ಟ. ಮಲಗಲು ಯಾರಿಗೆ ಜಾಗ ಬೇಕು ಎಂದುಕೊಂಡು ಭಾನುವಾರ ಬೆಳಗ್ಗೆಯೇ ಹೊರಟೆ. ಮನೆಗೆ ಹೋಗದೆ ಕಾಲುವೆಯ ಕಡೆಯಿಂದ ನೇರವಾಗಿ ತೋಟಕ್ಕೆ ಇಳಿದೆ.

ಮಡಿ ನೋಡಿ ದಾರಿ ತಪ್ಪಿ ಬೇರೆ ಯಾರದೋ ತೋಟಕ್ಕೆ ಬಂದೆನೇನೋ ಅನ್ನಿಸಿತು. ಒಂದೇ ಒಂದು ಒಣ ಗಿಡವಿಲ್ಲ. ಸಾಲು ಸಾಲು ಹಸಿರು, ತುದಿಯಿಂದ ತುದಿಗೆ. ಸತ್ತ ಗಿಡಗಳಿದ್ದ ಜಾಗದಲ್ಲೆಲ್ಲ ನರ್ಸರಿಯಿಂದ ತಂದ ಎತ್ತರದ ಸಸಿಗಳು, ಒಂದೆರಡರಲ್ಲಿ ಆಗಲೇ ಹೂವು. ನನ್ನ ಬಣ್ಣದ ಪಟ್ಟಿ ಒಂದೂ ಇಲ್ಲ. ಸಾಲಿನ ತಲೆಗೆ ನೆಟ್ಟಿದ್ದ ಕಡ್ಡಿಗಳೂ ಇಲ್ಲ. ಯಾವುದು ನನ್ನ ಗಿಡ, ಯಾವುದು ನಿನ್ನೆ ಮೊನ್ನೆ ನೆಟ್ಟದ್ದು ಹೇಳಲು ಬ್ರಹ್ಮನಿಗೂ ಆಗುತ್ತಿರಲಿಲ್ಲ. ಕಿತ್ತ ಗಿಡಗಳು ಎಲ್ಲಿ ಹೋದವೆಂದು ಹುಡುಕುವ ಅಗತ್ಯವೂ ಇರಲಿಲ್ಲ. ನಮ್ಮ ಕಡೆ ಬೇಡದ್ದೆಲ್ಲ ಹೋಗುವುದು ತೆಂಗಿನ ಬುಡಕ್ಕೆ. ಬಚ್ಚಲ ಬೂದಿ, ಹೊಂಗೆ ಸೊಪ್ಪು, ಹಳಸಿದ ಅನ್ನ, ಎಲ್ಲ ಅಲ್ಲಿಗೇ. ನನ್ನ ರೋಗದ ಗಿಡಗಳೂ ಸುತ್ತಲಿನ ಪಾತಿಗಳಲ್ಲಿ ಮಣ್ಣು ಮುಚ್ಚಿಕೊಂಡು ಮಲಗಿದ್ದವು, ಮೇಲೆ ಚೆನ್ನಾಗಿ ನೀರೂ ಬಿಟ್ಟಿದ್ದರು. ತೆಂಗಿಗೆ ಅದು ಏನೂ ಮಾಡುವುದಿಲ್ಲ. ಆದರೆ ಆ ನೀರು ಹರಿದು ಹೋಗುವುದು ಅಣ್ಣ ವರ್ಷವೂ ಮನೆಗೆಂದು ನಾಲ್ಕು ಸಾಲು ಟೊಮೇಟೊ ಹಾಕುವ ತಾಕಿಗೆ.

ಅಸಹ್ಯವೆಂದರೆ ಏನೆಂದು ನನಗೆ ಆಗ ಗೊತ್ತಾಯಿತು. ಕೊಳೆತ ಹಣ್ಣು, ಬೂಷ್ಟು ಹಿಡಿದ ಕೊಬ್ಬರಿ ಇದರ ಮುಂದೆ ಏನೂ ಅಲ್ಲ. ಕೊಳೆತದ್ದು ಕೊಳೆತ ಹಾಗೇ ಕಾಣುತ್ತದೆ. ಇಲ್ಲಿ ರೋಗದ ಮಣ್ಣಿನ ಮೇಲೆ ಮದುವಣಗಿತ್ತಿಯ ಹಾಗೆ ಗಿಡ ನಿಂತಿತ್ತು.

ಅಣ್ಣನ ಮಗ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಓಡಿ ಬಂದ. ನನ್ನನ್ನು ಕಂಡು ಅವನ ಮುಖ ಸಪ್ಪಗಾಯಿತು. ಮುನ್ನಾದಿನ ತನ್ನ ಅವ್ವನೇ ನಿಂತು ಕೀಳಿಸಿದಳು, ಖಾಲಿ ಜಾಗ ಹುಳುಕು ಹಲ್ಲಿನ ಹಾಗೆ ಕಾಣುತ್ತದೆಂದು ಸಸಿ ತರಿಸಿ ನೆಡಿಸಿದಳು ಎಂದ. ಹೆಣ್ಣಿನ ಕಡೆಯವರು ಆಗಲೇ ತೋಟ ಸುತ್ತಿ ಮುಗಿಸಿ ಹೊರಡುತ್ತಿದ್ದಾರಂತೆ. ಮಾತು ಒಂದು ಹದಕ್ಕೆ ಬಂದಿದೆಯಂತೆ. ಅವನು ಇನ್ನೂ ಏನೋ ಹೇಳಲು ಬಾಯಿ ತೆರೆದು, ನನ್ನ ಕೈಗಳ ಕಡೆ ನೋಡಿ ಸುಮ್ಮನಾದ. ನನಗೆ ಆಗ ಅರ್ಥವಾಗಲಿಲ್ಲ. ಕೋಪದಲ್ಲಿ ನಾನು ಮನೆಯ ಕಡೆ ದಾಪುಗಾಲು ಹಾಕಿದೆ.

ಅಂಗಳದಲ್ಲಿ ಬಾಡಿಗೆ ಕಾರು. ಪಕ್ಕದಲ್ಲಿ ಹುಡುಗಿಯ ತಂದೆ, ದಪ್ಪ ಮೀಸೆಯ, ಬಿಳಿ ಪಂಚೆಯ ಮನುಷ್ಯ, ಎಲೆ ಅಡಿಕೆ ಜಗಿಯುತ್ತ ನಿಂತಿದ್ದರು. ಅಣ್ಣ ಹಲ್ಲು ಬಿಟ್ಟುಕೊಂಡು ಅವರ ಮುಂದೆ ಬಗ್ಗಿದ್ದ. ಅವರ ಕೈಯಲ್ಲಿ ಸಿಮೆಂಟ್ ಚೀಲದ ತುಂಡಿನಲ್ಲಿ ಸುತ್ತಿದ ಒಂದು ಕಟ್ಟು. ಅದರಿಂದ ಟೊಮೇಟೊ ಸಸಿಗಳ ತಲೆ ಇಣುಕುತ್ತಿದ್ದವು, ಬುಡದಲ್ಲಿ ಹಿಡಿ ಮಣ್ಣು. ನಡೆದದ್ದು ಇಷ್ಟು: ಮಡಿ ನೋಡಿದ ಅವರು ನಮ್ಮ ಹೊಲದಲ್ಲಿ ಟೊಮೇಟೊ ಸೊರಗಿ ಸೊರಗಿ ಸಾಯುತ್ತದೆ, ಇಲ್ಲಿ ಒಂದೂ ಸತ್ತಿಲ್ಲವಲ್ಲ ಎಂದು ಬೆರಗಾದರಂತೆ. ನನ್ನ ತಮ್ಮ ಕಂಡುಹಿಡಿದ ಸಾಯದ ತಳಿ ಎಂದು ಅಣ್ಣ ಬೀಗಿದನಂತೆ. ನಂಟರಾಗುವವರು ಬಾಯಿಬಿಟ್ಟು ಮೆಚ್ಚಿದ್ದನ್ನು ಕೊಡದೆ ಕಳಿಸುವುದುಂಟೆ? ಅತ್ತಿಗೆ ತಾನೇ ಹೋಗಿ, ಬೇರು ನೋಯದ ಹಾಗೆ, ಮಣ್ಣಿನ ಸಮೇತ ಕಿತ್ತು ತಂದು ಕೊಟ್ಟಿದ್ದಳು.

ಶುಭಕಾರ್ಯಕ್ಕೆ ಬಂದವರಿಗೆ ಕೊಟ್ಟದ್ದನ್ನು ಕೈಯಿಂದ ಕಿತ್ತುಕೊಳ್ಳುವುದು ನಮ್ಮಲ್ಲಿ ಎಂಥ ಅಪಶಕುನವೆಂದು ನನಗೂ ಗೊತ್ತು. ಅಣ್ಣನ ಮಗನ ಇಸ್ತ್ರಿ ಶರ್ಟು ನನ್ನ ಕಣ್ಣ ಮುಂದೆಯೇ ಇತ್ತು. ಆದರೂ ನೇರವಾಗಿ ಹೋಗಿ ಆ ಕಟ್ಟಿಗೆ ಕೈ ಹಾಕಿದೆ.

"ಇದನ್ನ ತಗೊಂಡೋಗಬ್ಯಾಡಿ ಯಜಮಾನ್ರೇ. ಇದು ರೋಗದ ಮಣ್ಣು, ನಾನೇ ರೋಗ ಬೆರೆಸಿರೋದು. ನಿಮ್ಮ ಹೊಲಕ್ಕೆ ಬಿದ್ರೆ ವರ್ಷಾನುಗಟ್ಟಲೆ ಹೋಗಲ್ಲ."

ಅವರು ಕಟ್ಟು ಬಿಡಲಿಲ್ಲ. ಮಣ್ಣಿನ ಕಡೆ ನೋಡಲೂ ಇಲ್ಲ. ಚೀಲದ ಅಂಚಿನಲ್ಲಿ ಅವರ ಬೆರಳಿಗೆ ತಾಗಿದ್ದ ನನ್ನ ಬೆರಳುಗಳನ್ನು ನೋಡಿದರು. ಬಿಳಿ ಬೆರಳುಗಳು. ಆಮೇಲೆ ನನ್ನ ತುಟಿ, ಆಮೇಲೆ ಕತ್ತು. ಕೆಂಡ ಮುಟ್ಟಿದವರ ಹಾಗೆ ಕೈ ಹಿಂದೆಗೆದರು. ಕಟ್ಟು ನನ್ನ ಕೈಯಲ್ಲೇ ಉಳಿಯಿತು. ಅವರು ಹೆಗಲ ಮೇಲಿನ ಟವೆಲ್ಲಿನಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು, ನನ್ನೆದುರಿಗೇ. ಒರೆಸಿಕೊಂಡು ಅಣ್ಣನನ್ನು ಕೇಳಿದರು:

"ಇವ್ರು ನಿಮ್ಮ ಒಡಹುಟ್ಟಿದ ತಮ್ಮನಾ? ಇದು ನಿಮ್ಮ ವಂಶದಲ್ಲೇ ಐತಾ?"

ನಾನೇ ಹೇಳಿದೆ. "ನನ್ನ ಕೈ ಅಂಟಲ್ಲ ಸ್ವಾಮಿ. ಈ ಮಣ್ಣು ಅಂಟುತ್ತೆ."

ಅವರು ತಲೆಯಾಡಿಸಿದರು. ಕೇಳಿಸಿಕೊಂಡ ತಲೆಯಾಡಿಸುವಿಕೆಯಲ್ಲ ಅದು, ಸಾಕು ಎನ್ನುವ ತಲೆಯಾಡಿಸುವಿಕೆ. ಎಲೆ ಅಡಿಕೆಯ ಕೆಂಪು ರಸವನ್ನು ಅತ್ತಿಗೆ ಬೆಳಗ್ಗೆ ಸಾರಿಸಿ ಬಿಟ್ಟಿದ್ದ ರಂಗೋಲಿಯ ಪಕ್ಕ ಪಿಚಕ್ಕನೆ ಉಗಿದು, ಆಮೇಲೆ ತಿಳಿಸುತ್ತೇವೆಂದು ಕಾರು ಹತ್ತಿದರು. ಆ ಉಗುಳು ಯಾರಿಗೂ ಅಸಹ್ಯ ಅನ್ನಿಸಲಿಲ್ಲ. ಅಣ್ಣ ಕಾರಿಗೆ ಕೈಮುಗಿಯುತ್ತಲೇ ನಿಂತಿದ್ದ.

ಕಾರು ತಿರುವು ದಾಟಿದ ಮೇಲೆ ಅತ್ತಿಗೆ ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತಳು. ಜೋರಾಗಿ ಬೈದಿದ್ದರೆ ನಾನೂ ಬೈಯುತ್ತಿದ್ದೆ. ನನ್ನ ಮಡಿ, ನನ್ನ ಗಿಡ, ಇಷ್ಟು ದಿನದ ಕೆಲಸ ಎಂದು ಕೂಗಲು ಬಾಯಿ ತುಂಬ ಮಾತಿತ್ತು. ಅವಳು ಮೆಲ್ಲಗೆ ಹೇಳಿದಳು:

"ಅದುಕ್ಕೇ ಕಣಪ್ಪ ನಿನ್ನ ಇವತ್ತು ಬರಬ್ಯಾಡ ಅಂದಿದ್ದು."

ಸುಣ್ಣವೂ ಇರಲಿಲ್ಲ, ಬಣ್ಣವೂ ಇರಲಿಲ್ಲ. ಗೋಡೆಗಳು ಹೋದ ದೀಪಾವಳಿಯಲ್ಲಿ ಇದ್ದ ಹಾಗೇ ಇದ್ದವು. ಒಣ ಗಿಡಗಳನ್ನು ಕೀಳಿಸುವ ಮೊದಲೇ ಅವಳು ನನ್ನನ್ನು ಕಿತ್ತಿದ್ದಳು, ಅಷ್ಟೇ. ನನ್ನ ತಟ್ಟೆಯ ತುತ್ತು ತಿಂದವಳು. ಅವಳಿಗೆ ನನ್ನ ಮೇಲೆ ಹೇಸಿಗೆ ಇಲ್ಲವೆಂದು ನನಗೆ ಈಗಲೂ ಗೊತ್ತು. ಊರಿನ ಹೇಸಿಗೆಗೆ ಹೆದರಿ ಮಗನ ಸಲುವಾಗಿ ಮಾಡಿದಳು. ಆದರೂ ನನಗೆ ಆ ಹೊತ್ತು ಅವಳ ಮುಖ ನೋಡಲಾಗಲಿಲ್ಲ. ಹೋಗಿ ಮಡಿಯಲ್ಲಿದ್ದ ಗಿಡವನ್ನೆಲ್ಲ ಬೇರು ಸಮೇತ ಕಿತ್ತೆ. ಪಾತಿಗಳನ್ನು ಬಗೆದು ಹೂತಿದ್ದನ್ನೂ ಸಿಕ್ಕಷ್ಟು ತೆಗೆದೆ. ಎಲ್ಲ ಕಲೆತುಹೋಗಿ, ಕೆಸರು ಮೆತ್ತಿ, ಯಾವುದು ಯಾವ ಸಾಲಿನದೆಂದು ತಿಳಿಯದ ಗಿಡಗಳಿಂದ ನನಗೆ ಏನೂ ಸಾಕ್ಷಿ ಸಿಗುವಂತಿರಲಿಲ್ಲ. ಅಣ್ಣನ ಮಗ ಬಂದು ಜೊತೆಗೆ ಕೈ ಹಾಕಿದ. ಇಬ್ಬರೂ ಸೇರಿ ತೆಂಗಿನ ಗರಿ ಒಟ್ಟಿ ಸುಟ್ಟೆವು. ಹಸಿ ಟೊಮೇಟೊ ಗಿಡದ ಹೊಗೆ ಕೆಟ್ಟ ವಾಸನೆ, ಅದು ಶರ್ಟಿಗೆ ಹತ್ತಿದರೆ ಬಿಡುವುದಿಲ್ಲ. ಅವನ ಹೊಸ ಶರ್ಟಿಗೂ ಹತ್ತಿತು.

ಹಂದನಕೆರೆಯ ಉತ್ತರ ನಡುವಿನವರ ಬಾಯಲ್ಲಿ ಬಂತು. ಹುಡುಗ ಒಪ್ಪಿಗೆ, ತೋಟ ಒಪ್ಪಿಗೆ, ಅಟ್ಟದ ಕಾಯಿಯೂ ಒಪ್ಪಿಗೆಯಂತೆ. ಆದರೆ ರಕ್ತದಲ್ಲಿ ಬಿಳುಪು ಇದೆಯಲ್ಲ, ನಾಳೆ ಹುಟ್ಟೋ ಮಕ್ಕಳ ಗತಿ ಏನು ಎಂದರಂತೆ. ವಂಶದ ಲೆಕ್ಕ ಹಾಕುವುದೇ ನನ್ನ ಹೊಟ್ಟೆಪಾಡು. ಒಂದು ದಿನ ಕೂತು ಕೇಳಿದ್ದರೆ ಅವರಿಗೆ ಬಿಡಿಸಿ ಹೇಳುತ್ತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ಮುಂದಿನ ತಿಂಗಳು ನಾನು ಖಾಲಿ ಮಡಿಗೆ ಹೊಸ ಬದು ಹಾಕುತ್ತಿದ್ದಾಗ ಅಣ್ಣನ ಮಗ ಬಂದು ನಿಂತ. ಬದುವಿನ ಮಣ್ಣು ಕೆದಕುತ್ತಲೇ ಬಾಯಿ ಬಿಟ್ಟ. ಅವತ್ತು ತನ್ನ ಅವ್ವ ಕಿತ್ತು ಕೊಟ್ಟದ್ದು ಒಂದು ಕಟ್ಟಲ್ಲವಂತೆ, ಎರಡು. ದೊಡ್ಡ ಕಟ್ಟನ್ನು ನಾನು ಬರುವ ಮೊದಲೇ ಇವನೇ ತೆಂಗಿನಕಾಯಿ ಚೀಲದ ಜೊತೆ ಕಾರಿನ ಡಿಕ್ಕಿಯಲ್ಲಿ ಇಟ್ಟಿದ್ದನಂತೆ. ಅಂಗಳದಲ್ಲಿ ಆದ ಗಲಾಟೆಯಲ್ಲಿ ಅದನ್ನು ಹೇಳಲು ಧೈರ್ಯವಾಗಲಿಲ್ಲವಂತೆ. ಆಮೇಲೆ ಹೇಳಿದರೆ ನಾನು ಅವರಿಗೆ ಫೋನು ಮಾಡುತ್ತೇನೆ, ಒಂದು ವೇಳೆ ಅವರು ಮನಸ್ಸು ಬದಲಿಸುವುದಿದ್ದರೂ ಬದಲಿಸಲಾರರು ಎಂದು ಕಾದನಂತೆ. ನಾನು ಅವನನ್ನು ಬೈಯಲಿಲ್ಲ. ಕಾದದ್ದು ಯಾತಕ್ಕೆಂದು ನನಗೆ ಗೊತ್ತಿತ್ತು.

ಕೈ ತೊಳೆದುಕೊಂಡು ಅಲ್ಲಿಂದಲೇ ಹಂದನಕೆರೆಗೆ, ಹುಡುಗಿಯ ತಂದೆಗೆ ಫೋನು ಮಾಡಿದೆ. ಯಾರು ಅಂತ ಹೇಳಿದೆ. ಆ ಸಸಿಗಳನ್ನು ಇವತ್ತೇ ಕಿತ್ತು ಸುಡಿ, ಬುಡದ ಮಣ್ಣು ತೆಗೆದು ದೂರ ಹೂಳಿ, ಆ ಗುದ್ದಲಿಯನ್ನು ತೊಳೆಯದೆ ಬೇರೆ ಕಡೆ ಹಾಕಬೇಡಿ, ಈಗ ಹಸಿರಾಗಿದ್ದರೂ ಒಳಗೆ ರೋಗ ಏರುತ್ತಿರುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಬೇಕಾದರೆ ನಾನೇ ಬಂದು ಕಿತ್ತುಕೊಡುತ್ತೇನೆ ಎಂದೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಮನುಷ್ಯ ಕೆಟ್ಟವರಲ್ಲ, ದನಿಯಲ್ಲಿ ನನ್ನ ಮೇಲೆ ಕನಿಕರವೂ ಇತ್ತು.

"ಏ, ನೀವ್ ಬರೋದೆಲ್ಲ ಬ್ಯಾಡ ಬುಡಿ ಸ್ವಾಮಿ. ಗಿಡ ಬಲು ಚೆನ್ನಾಗವೆ, ಹೂವಾಗವೆ. ಮಿಕ್ಕಿದ್ ಸಸೀನ ಅಕ್ಕಪಕ್ಕದೋರೆಲ್ಲ ಕೇಳಿ ಕೇಳಿ ಇಸ್ಕೊಂಡೋದ್ರು. ನಿಮ್ಮನೇವು ಅಂತ ಮಾತ್ರ ನಾನು ಯಾರ್ಗೂ ಹೇಳಿಲ್ಲ."